ಶಾಲೆ ಬಿಟ್ಟ ಕಾರಣ

ಮುಂಬಯಿಯ ಕನ್ನಡ ಶಾಲೆಗಳು ಬೆಳ್ಳಿ, ಬಂಗಾರದ ಹಬ್ಬಗಳನ್ನು ಆಚರಿಸಿದಾಗ ಹೊರತರುವ ಸ್ಮರಣ ಸಂಚಿಕೆಗಳಿಗೆ ಒಂದು ನಿಶ್ಚಿತ ಕ್ರಮವಿದೆ. ಮೊದಲು ಸ್ಥಾಪಕರ ಭಾವಚಿತ್ರ, ಆಮೇಲೆ ಶುಭಾಶಯ ಪತ್ರಗಳು, ಹೋಟೆಲು ಮತ್ತು ಸಹಕಾರಿ ಬ್ಯಾಂಕುಗಳ ಜಾಹೀರಾತುಗಳ ನಡುವೆ ನುಸುಳಿ ಬರುವ ಶಾಲೆಯ ಇತಿಹಾಸ, ಕ್ರೀಡೆಯಲ್ಲಿ ಗೆದ್ದ ಕಪ್ಪುಗಳ ಪಟ್ಟಿ, ವಾರ್ಷಿಕೋತ್ಸವದ ನಾಟಕದ ಮಸುಕು ಚಿತ್ರ, ಕಡೆಗೆ ‘ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು’. ನಾವು ಈ ಸಂಚಿಕೆಗಳನ್ನು ಅಕ್ಕರೆಯಿಂದಲೇ ಓದುತ್ತೇವೆ. ಹೊರನಾಡಿನಲ್ಲಿ ಒಂದು ಶಾಲೆಯನ್ನು ನಡೆಸುವುದು ಎಂಥ ಕಷ್ಟವೆಂದು ಬಲ್ಲವರು ಆ ಭಾವಚಿತ್ರಗಳನ್ನು ನೋಡಿ ನಗುವುದಿಲ್ಲ. ಆದರೆ ಧಾರಾವಿಯಿಂದ ಈ ಶಾಲೆಗಳಿಗೆ ಹೋಗಿ ಕಲಿತ ನಮ್ಮಂಥವರು ಆ ಪುಟಗಳಲ್ಲಿ ಕಾಣಿಸುವುದು ಅಪರೂಪ. ನಮ್ಮ ಇತಿಹಾಸ ಬೇರೊಂದು ಪುಸ್ತಕದಲ್ಲಿದೆ. ಅದನ್ನು ಅಚ್ಚು ಹಾಕಿಸಿದವರಿಲ್ಲ, ಬಿಡುಗಡೆ ಮಾಡಿ ಭಾಷಣ ಮಾಡಿದವರೂ ಇಲ್ಲ. ಶಾಲೆಯ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಮಲಗಿರುವ ಜನರಲ್ ರಜಿಸ್ಟರ್ ಅದು.

ಸಂಚಿಕೆಗಳು ಹೇಳುವ ಇತಿಹಾಸವನ್ನು ಮೊದಲು ನೆನೆಯೋಣ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಆರು ವರ್ಷಗಳ ತರುವಾಯ, 1908ರಲ್ಲಿ, ಅದರ ಉಚಿತ ರಾತ್ರಿ ಶಾಲೆ ಆರಂಭವಾಯಿತು. ಕರಾವಳಿಯಿಂದ ಬಂದು ಹಗಲೆಲ್ಲ ಹೋಟೆಲು, ಕ್ಯಾಂಟೀನು, ಅಂಗಡಿಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೆ ರಾತ್ರಿಯ ಎರಡು ಮೂರು ಗಂಟೆ ಅಕ್ಷರದ ಸಂಗ ದೊರೆಯಲಿ ಎಂಬುದೇ ಅಲ್ಲಿನ ಹಂಬಲ. ಬೇರೆ ಸಮಾಜಗಳೂ ಅದೇ ದಾರಿ ಹಿಡಿದವು. 1932ರಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಷನ್ ಮುಂದೆ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿತು. ಹಗಲು ಶಾಲೆಯ ಕಡೆಯಿಂದ ನೋಡಿದರೆ, ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ 1939ರಲ್ಲಿ ತಲೆಯೆತ್ತಿತು. ಚೆಂಬೂರಿನಲ್ಲಿ ಕರ್ನಾಟಕ ಸಂಘದವರು ಹೈಸ್ಕೂಲು ಕಟ್ಟಿದರು. ಇವೆಲ್ಲವುಗಳ ಕೆಳಗೆ, ಸದ್ದಿಲ್ಲದೆ, ಮಹಾನಗರ ಪಾಲಿಕೆಯ ಪ್ರಾಥಮಿಕ ಶಾಲೆಗಳಿದ್ದವು. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅವುಗಳಲ್ಲೊಂದು. ಪಾಲಿಕೆಯ ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು. ಏಳಾದ ಮೇಲೆ ಏನು ಎಂಬ ಪ್ರಶ್ನೆಗೆ ಉತ್ತರವಾಗಿ ಹೈಸ್ಕೂಲುಗಳಿದ್ದವು, ಹಗಲಿನವು ಕೆಲವರಿಗೆ, ರಾತ್ರಿಯವು ನಮಗೆ.

ಧಾರಾವಿಯ ಭೂಗೋಳವನ್ನು ತಿಳಿಯದವರಿಗೆ ಒಂದು ಮಾತು. ಪಶ್ಚಿಮ ರೈಲ್ವೆ ಮತ್ತು ಮಧ್ಯ ರೈಲ್ವೆಯ ಎರಡು ಹಳಿಗಳ ನಡುವೆ, ಮಿಠಿ ಹೊಳೆಗೆ ಬೆನ್ನು ತಾಗಿಸಿಕೊಂಡು ಕುಳಿತಿರುವ ಸುಮಾರು ಇನ್ನೂರ ನಲವತ್ತು ಹೆಕ್ಟೇರಿನ ನೆಲ ಅದು. ಪೂರ್ವದ ಹಳಿ ದಾಟಿದರೆ ಮಾಟುಂಗಾದ ಭಾವು ದಾಜಿ ರಸ್ತೆಯಲ್ಲಿ 1926ರ ಮೈಸೂರು ಅಸೋಸಿಯೇಷನ್. ಪಶ್ಚಿಮದ ಹಳಿ ದಾಟಿದರೆ ಮೊಗಲ್ ಲೇನಿನಲ್ಲಿ 1933ರ ಕರ್ನಾಟಕ ಸಂಘ, ಅದರ ವಿಶ್ವೇಶ್ವರಯ್ಯ ಸಭಾಗೃಹ. ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು 1942ರಿಂದ ಬಾಳೆಯೆಲೆಯ ಊಟ ಬಡಿಸುತ್ತಿರುವುದೂ ಮಾಟುಂಗಾದಲ್ಲಿಯೇ. ಮುಂಬಯಿ ಕನ್ನಡದ ಈ ಕೇಂದ್ರಗಳೆಲ್ಲ ಧಾರಾವಿಯಿಂದ ನಡೆದು ಹೋಗುವಷ್ಟು ದೂರದಲ್ಲಿವೆ, ಆದರೆ ಎರಡೂ ಹಳಿಗಳ ಆಚೆಯ ಬದಿಗಿವೆ. ಹಳಿಗಳ ನಡುವೆ ಇದ್ದವರು ಕಲಬುರಗಿ, ವಿಜಯಪುರ, ರಾಯಚೂರು ಸೀಮೆಗಳಿಂದ ಬರಗಾಲಕ್ಕೆ ಎದ್ದು ಬಂದವರು. ತಮಿಳರ ಓಣಿಗಳ ಪಕ್ಕದಲ್ಲಿ, ಸೌರಾಷ್ಟ್ರದ ಕುಂಬಾರರ ಒಲೆಗಳ ಹೊಗೆಯಲ್ಲಿ, ಚರ್ಮದ ಕಾರ್ಖಾನೆಗಳ ವಾಸನೆಯಲ್ಲಿ ಖೋಲಿ ಕಟ್ಟಿಕೊಂಡವರು. ಮಣ್ಣು ಹೊರುವುದು, ರಸ್ತೆ ಅಗೆಯುವುದು, ಕಸ ಆಯುವುದು, ಚರ್ಮ ಹದಮಾಡುವುದು ಅವರ ಕೆಲಸ. ಇದೇ ಧಾರಾವಿಯ ಮಾಟುಂಗಾ ಲೇಬರ್ ಕ್ಯಾಂಪಿನಲ್ಲಿ ಒಂದು ಕಾಲಕ್ಕೆ ಮರಾಠಿಯ ಅಣ್ಣಾ ಭಾವು ಸಾಠೆಯವರು ವಾಸವಿದ್ದರು. ಶಾಲೆಯ ಮೆಟ್ಟಿಲು ಹತ್ತಿದ್ದೇ ಇಲ್ಲವೆನ್ನುವಷ್ಟು ಕಡಿಮೆಯಾದರೂ ಮಹಾರಾಷ್ಟ್ರದ ಮನೆಮಾತಾದರು. ನಮ್ಮ ಹಿರಿಯರು ಆ ಉದಾಹರಣೆಯನ್ನು ನಂಬಿ ಕೂರಲಿಲ್ಲ. ಶಾಲೆಗೆ ಹಾಕಿದರು.

ಪಾಲಿಕೆ ಶಾಲೆಯ ಒಂದೇ ಕಟ್ಟಡದಲ್ಲಿ ಮಹಡಿಗೊಂದು ಭಾಷೆ. ಕೆಳಗಿನಿಂದ ಮರಾಠಿ ಮಗ್ಗಿ, ಮೇಲಿನಿಂದ ತಮಿಳು ಮಗ್ಗಿ, ನಡುವೆ ನಮ್ಮದು. ಪುಣೆಯ ಬಾಲಭಾರತಿ ಸಂಸ್ಥೆ ಅಚ್ಚು ಹಾಕಿದ ಕನ್ನಡ ಪಠ್ಯಪುಸ್ತಕಗಳು ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮಕ್ಕಳಿಗೂ ನಮಗೂ ಒಂದೇ. ಮಹಾರಾಷ್ಟ್ರದಲ್ಲಿ ನಾಲ್ಕನೆಯ ತರಗತಿಯ ಇತಿಹಾಸವೆಂದರೆ ಇಡಿಯಾಗಿ ಶಿವಾಜಿ ಮಹಾರಾಜರ ಚರಿತ್ರೆ. ಅದನ್ನು ನಾವು ಕನ್ನಡದಲ್ಲಿ ಓದಿದೆವು. ಪ್ರತಾಪಗಡ, ಪನ್ಹಾಳ, ಆಗ್ರಾದ ಬುಟ್ಟಿ ಎಲ್ಲವೂ ನಮಗೆ ಕನ್ನಡದ ಶಬ್ದಗಳೇ. ಇಂದಿಗೂ ಕರ್ನಾಟಕದಿಂದ ಬಂದ ಬಂಧುಗಳ ಮಕ್ಕಳು ಪುಲಕೇಶಿಯ ಮಾತೆತ್ತಿದರೆ ನಾವು ಸ್ವಲ್ಪ ತಡವರಿಸಿ, ತಾನಾಜಿಯ ಮಾತೆತ್ತಿದರೆ ಮುಂದೆ ಬರುತ್ತೇವೆ. ಇದನ್ನು ಕೊರತೆಯೆಂದು ಕೆಲವು ವಿದ್ವಾಂಸರು ವೇದಿಕೆಯಿಂದ ವಿಷಾದಿಸುವುದುಂಟು. ನಮಗೆ ಹಾಗೆ ಅನ್ನಿಸಿಲ್ಲ. ತಾವಿರುವ ನೆಲದ ಕಥೆಯನ್ನು ತಮ್ಮ ಭಾಷೆಯಲ್ಲಿ ಓದಿದ ಮಕ್ಕಳಿಗೆ ಯಾವುದರ ಕೊರತೆ?

ತೊಂಬತ್ತರ ದಶಕದ ಮೊದಲ ಭಾಗದಲ್ಲಿ ನಾವು ಆರೇಳು ಹುಡುಗರು ಧಾರಾವಿಯಿಂದ ರಾತ್ರಿ ಹೈಸ್ಕೂಲಿಗೆ ಹೋಗುತ್ತಿದ್ದೆವು. ಶಾಲೆ ಕೋಟೆ ಪ್ರದೇಶದಲ್ಲಿತ್ತು. ಸಾಯನ್ ನಿಲ್ದಾಣದಲ್ಲಿ ಲೋಕಲ್ ಹತ್ತಿ, ಆಗಿನ್ನೂ ವಿ.ಟಿ. ಎಂದೇ ಕರೆಯುತ್ತಿದ್ದ ಕೊನೆಯ ನಿಲ್ದಾಣದಲ್ಲಿ ಇಳಿದು, ಓಡಬೇಕು. ಆರೂವರೆಗೆ ಮೊದಲ ತಾಸು, ಒಂಬತ್ತೂವರೆಗೆ ಕೊನೆಯದು. ನಮ್ಮಲ್ಲಿ ಒಬ್ಬ ಚರ್ಮದ ಚೀಲಗಳಿಗೆ ಜಿಪ್ ಹೊಲಿಯುತ್ತಿದ್ದ. ಇಬ್ಬರು ಹದಿಮೂರನೆಯ ಕಂಪೌಂಡಿನಲ್ಲಿ ಪ್ಲಾಸ್ಟಿಕ್ಕನ್ನು ಬಣ್ಣವಾರು ವಿಂಗಡಿಸುತ್ತಿದ್ದರು. ಅವರ ಬೆರಳ ಸಂದಿಯ ಬಣ್ಣ ನೋಡಿ ಅಂದು ಯಾವ ಡಬ್ಬಗಳ ಲೋಡು ಬಂದಿತ್ತೆಂದು ಹೇಳಬಹುದಾಗಿತ್ತು. ಉಳಿದ ತರಗತಿಯೆಲ್ಲ ಉಡುಪಿ, ಮಂಗಳೂರು, ಕುಂದಾಪುರದ ಕಡೆಯ ಕ್ಯಾಂಟೀನು ಹುಡುಗರದು.

ಅಲ್ಲಿ ಎರಡು ಕನ್ನಡಗಳು ಎದುರುಬದುರಾದವು. ಕರಾವಳಿಯ ಹೆಚ್ಚಿನ ಹುಡುಗರ ಮನೆಮಾತು ತುಳು. ಕನ್ನಡ ಅವರಿಗೆ ಶಾಲೆಯ ಭಾಷೆ, ಆದ್ದರಿಂದ ಇಸ್ತ್ರಿ ಮಾಡಿದ ಅಂಗಿಯಂತೆ ಗರಿಗರಿ. ನಮಗೆ ಕನ್ನಡ ಮನೆಯ ಭಾಷೆ, ಆದ್ದರಿಂದ ಮಾಸಲು. “ಹೋಗೂಣೇನ್ರೀ ಸರ?” ಎಂದು ನಮ್ಮವನೊಬ್ಬ ಕೇಳಿದರೆ ಹಿಂದಿನ ಬೆಂಚಿನಿಂದ, “ಎಂತ ಮಾರಾಯ, ಅದು ಮರಾಠಿಯಾ?” ಎಂಬ ಪ್ರಶ್ನೆ. ಕನ್ನಡ ಕಲಿಸುತ್ತಿದ್ದ ಮಾಸ್ತರು ಹಗಲು ಬೇರೊಂದು ಶಾಲೆಯಲ್ಲಿ ದುಡಿದು, ರಾತ್ರಿ ನಮ್ಮಲ್ಲಿಗೆ ಬರುತ್ತಿದ್ದವರು. ಅವರೊಮ್ಮೆ ಬೋರ್ಡಿನ ಮೇಲೆ ಒಂದೇ ವಾಕ್ಯವನ್ನು ಮೂರು ರೀತಿ ಬರೆದರು: ಕಲಬುರಗಿಯ ಹುಡುಗ ಹೇಳಿದಂತೆ, ಕುಂದಾಪುರದ ಹುಡುಗ ಹೇಳಿದಂತೆ, ಪುಸ್ತಕದಲ್ಲಿದ್ದಂತೆ. “ಮೂರನೆಯದು ಪರೀಕ್ಷೆಗೆ ಮಾತ್ರ. ಮೊದಲಿನೆರಡನ್ನು ಮರೆತರೆ ನಿಮ್ಮ ಅವ್ವಂದಿರ ಹತ್ತಿರ ಯಾವ ಭಾಷೆಯಲ್ಲಿ ಮಾತಾಡ್ತೀರಿ?” ಎಂದರು. ಮುಂದೆ ನಮ್ಮಲ್ಲೊಬ್ಬ ಇಂಗ್ಲಿಷ್ ಎಂ.ಎ. ಮಾಡುವಾಗ ಭಾಷಾವಿಜ್ಞಾನದ ದಪ್ಪ ಪುಸ್ತಕಗಳನ್ನು ಓದಿದ. ಮಾಸ್ತರು ಸೀಮೆಸುಣ್ಣದಲ್ಲಿ ಬರೆದ ಆ ಮೂರು ಸಾಲಿಗಿಂತ ಸ್ಪಷ್ಟವಾಗಿ ಅವುಗಳಲ್ಲಿ ಹೆಚ್ಚೇನೂ ಇರಲಿಲ್ಲವೆಂದು ಅವನ ಅಭಿಪ್ರಾಯ.

ಕ್ರೀಡೆಯ ವಿಷಯ. ರಾತ್ರಿ ಶಾಲೆಗೆ ಮೈದಾನವಿಲ್ಲ, ಇದ್ದರೂ ಬೆಳಕಿಲ್ಲ. ವರ್ಷಕ್ಕೊಂದು ರವಿವಾರ ಆಜಾದ್ ಮೈದಾನದ ಒಂದು ಮೂಲೆಯಲ್ಲಿ, ಕ್ರಿಕೆಟ್ಟಿನವರ ಬೈಗುಳ ಕೇಳುತ್ತ, ಸುಣ್ಣದ ಗೆರೆ ಎಳೆದು ನಡೆಸಿದ ಪಂದ್ಯಗಳೇ ನಮ್ಮ ಕ್ರೀಡಾಕೂಟ. ಓಟದಲ್ಲಿ ಕ್ಯಾಂಟೀನು ಹುಡುಗರನ್ನು ಹಿಂದೆ ಹಾಕಲು ಯಾರಿಗೂ ಸಾಧ್ಯವಿರಲಿಲ್ಲ. ಹಗಲೆಲ್ಲ ಚಹಾದ ಲೋಟಗಳನ್ನು ಹಿಡಿದು ಕಚೇರಿಗಳ ಮೆಟ್ಟಿಲು ಏರಿಳಿದ ಕಾಲುಗಳು ಅವು. ಕಬಡ್ಡಿ ಮಾತ್ರ ನಮ್ಮದು. ಹಳೆಯ ಮುಂಬಯಿ ‘ಹುತುತು’ ಎಂದು ಕರೆಯುತ್ತಿದ್ದ ಆ ಆಟ 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡೆಗಳಿಗೆ ಸೇರ್ಪಡೆಯಾಗಿ, ಭಾರತ ಚಿನ್ನ ಗೆದ್ದಿತ್ತು. ಆಮೇಲೆ ಧಾರಾವಿಯ ಗಲ್ಲಿಗಲ್ಲಿಯಲ್ಲಿ ಹುಡುಗರು ತೊಡೆ ತಟ್ಟಿದರು. ಒಬ್ಬರು ಮಲಗಿದರೆ ಇನ್ನೊಬ್ಬರು ಹೊರಳಲಾಗದ ಖೋಲಿಯಲ್ಲಿ ಬೆಳೆದವರಿಗೆ, ಏಳು ಮಂದಿ ಎದುರಾಳಿಗಳ ನಡುವೆ ಇಕ್ಕಟ್ಟಿನಲ್ಲಿ ಮೈ ತಪ್ಪಿಸಿಕೊಂಡು ಬರುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಗೆದ್ದ ಕಪ್ಪು ಶಾಲೆಗೆ ಹೋಯಿತು. ನಮಗೆ ತಲಾ ಒಂದು ಬಾಳೆಹಣ್ಣು, ಒಂದು ವಡಾಪಾವು.

ಕಲೆಯ ವಿಷಯದಲ್ಲಿ ಸಂಚಿಕೆಗಳು ಹೇಳುವುದು ಸರಿ: ಮುಂಬಯಿಯ ಕನ್ನಡ ಶಾಲೆಯ ವಾರ್ಷಿಕೋತ್ಸವವೆಂದರೆ ಯಕ್ಷಗಾನ. ಚೆಂಡೆಯ ಸದ್ದಿಗೆ ಹೋಟೆಲು ಮಾಲೀಕರೂ ಗಲ್ಲಾಪೆಟ್ಟಿಗೆ ಬಿಟ್ಟು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ನಮ್ಮ ಕಡೆಯವರಿಗೆ ಯಕ್ಷಗಾನ ಗೊತ್ತಿರಲಿಲ್ಲ. ನಮ್ಮಲ್ಲಿದ್ದದ್ದು ಮೊಹರಮ್ಮಿನ ಹೆಜ್ಜೆ ಮೇಳ, ತತ್ವಪದ ಮತ್ತು ಹಲಗೆ. ಹಲಗೆಯನ್ನು ಶಾಲೆಯ ವೇದಿಕೆಗೆ ತರುವುದೋ ಬೇಡವೋ ಎಂದು ಧಾರಾವಿಯ ಮನೆಗಳಲ್ಲಿಯೇ ದೊಡ್ಡ ಚರ್ಚೆಯಾಯಿತು. “ಅದನ್ನ ಬಿಡಸಲಿಕ್ಕೇ ಸಾಲಿಗೆ ಹಾಕೀವಿ, ನೀವು ಅದನ್ನೇ ಹೊತಗೊಂಡು ಹೋಗ್ತೀರೇನೋ?” ಎಂದು ಒಬ್ಬ ಹುಡುಗನ ಅಪ್ಪ ಕೇಳಿದರು. ಅವರ ಮಾತಿನಲ್ಲಿದ್ದ ನೋವು ಆಗ ನಮಗೆ ಪೂರ್ತಿ ತಿಳಿಯಲಿಲ್ಲ. ತಲೆಮಾರುಗಳಿಂದ ಊರಿನ ಸಾವಿಗೂ ಹಬ್ಬಕ್ಕೂ ಬಡಿಯಲೇಬೇಕೆಂದು ಹೇರಿದ್ದ ವಾದ್ಯ ಅದು. ಕೊನೆಗೆ ಆ ವರ್ಷ ಹಲಗೆ ವೇದಿಕೆಗೆ ಬರಲಿಲ್ಲ. ಅವರ ಮಗ ದೇಶಭಕ್ತಿಯ ಸಮೂಹಗೀತೆಯಲ್ಲಿ ಎರಡನೆಯ ಸಾಲಿನಲ್ಲಿ ನಿಂತು ಹಾಡಿದ. ಈಗ ಧಾರಾವಿಯ ಹುಡುಗರು ರ‍್ಯಾಪ್ ಹಾಡಿ ಹೆಸರು ಮಾಡಿದ್ದಾರೆ, 2019ರಲ್ಲಿ ‘ಗಲ್ಲಿ ಬಾಯ್’ ಎಂಬ ಚಿತ್ರವೂ ಬಂತು. ಆ ತಾಳವನ್ನು ಕೇಳುವಾಗ ಬಾರದೆ ಉಳಿದ ಹಲಗೆ ನಮಗೆ ನೆನಪಾಗುತ್ತದೆ.

ಇನ್ನು ಹಳೆಯ ವಿದ್ಯಾರ್ಥಿಗಳು. ಸಂಚಿಕೆಯ ಪಟ್ಟಿಗೆ ಸೇರುವಂಥವರು ನಮ್ಮ ತರಗತಿಯಲ್ಲೂ ಇದ್ದಾರೆ. ಠಾಣೆಯಲ್ಲಿ, ಡೊಂಬಿವಲಿಯಲ್ಲಿ ಸ್ವಂತ ಹೋಟೆಲು ಕಟ್ಟಿದವರಿದ್ದಾರೆ. ರಾತ್ರಿ ಶಾಲೆಯಿಂದ ರಾತ್ರಿ ಕಾಲೇಜಿಗೆ ಹೋಗಿ ಬ್ಯಾಂಕು ಸೇರಿದವರಿದ್ದಾರೆ. ನಾವು ಹೇಳಹೊರಟದ್ದು ಅವರ ಮಾತಲ್ಲ. ಶಾಲೆ ನಮಗೆ ಕೊಟ್ಟ ಒಂದು ಹಾಳೆಯ ಮಾತು.

ಜನರಲ್ ರಜಿಸ್ಟರಿನಲ್ಲಿ ಪ್ರತಿ ಮಗುವಿಗೆ ಒಂದು ಅಡ್ಡಸಾಲು. ಹೆಸರು, ಧರ್ಮ ಮತ್ತು ಜಾತಿ, ಮಾತೃಭಾಷೆ, ಹುಟ್ಟಿದ ಊರು, ಜನ್ಮದಿನಾಂಕ ಅಂಕಿಯಲ್ಲಿ ಹಾಗೂ ಅಕ್ಷರದಲ್ಲಿ, ಸೇರಿದ ದಿನ, ನಡತೆ, ಬಿಟ್ಟ ದಿನ, ಕೊನೆಗೆ ಶಾಲೆ ಬಿಟ್ಟ ಕಾರಣ. ಆ ಸಾಲಿನ ಪ್ರತಿಯೇ ಶಾಲೆ ಬಿಟ್ಟ ಪ್ರಮಾಣಪತ್ರ. ಧಾರಾವಿಯ ಅವ್ವಂದಿರಿಗೆ ಮಕ್ಕಳು ಹುಟ್ಟಿದ ದಿನ ‘ಜೋಳದ ರಾಶಿ ಮುಗಿದ ಮ್ಯಾಲ’ ಎಂದೋ ‘ಇಂದಿರಾಗಾಂಧಿ ಸತ್ತ ವರ್ಷ’ ಎಂದೋ ನೆನಪು. ಮುಖ್ಯೋಪಾಧ್ಯಾಯರು ಮಗುವಿನ ಎತ್ತರ ನೋಡಿ, ವರ್ಷ ಲೆಕ್ಕ ಹಾಕಿ, ಜೂನ್ 1 ಎಂದು ಬರೆದರು. ಹೀಗೆ ನಮ್ಮಲ್ಲಿ ಬಹುಪಾಲು ಜನರ ಹುಟ್ಟುಹಬ್ಬ ಒಂದೇ ದಿನ. ಇದು ಧಾರಾವಿಯದಷ್ಟೇ ಕಥೆಯಲ್ಲ, ದೇಶದ ಎಷ್ಟೋ ಬಡವರ ಶಾಲೆಗಳದು. ಆ ಒಂದು ಗೀಚಿನ ಶಕ್ತಿ ನೋಡಿ: ಕೇಂದ್ರ ಸರ್ಕಾರದ ನೌಕರಿಯಲ್ಲಿ ತಿಂಗಳ ಮೊದಲನೆಯ ತಾರೀಕು ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗುತ್ತಾನೆ. ನಮ್ಮಲ್ಲೊಬ್ಬ ಮೇ 31ಕ್ಕೆ ಕುರ್ಚಿ ಬಿಟ್ಟೇಳಬೇಕೆಂಬುದನ್ನು ಯಾವ ಮಂತ್ರಾಲಯವೂ ನಿರ್ಧರಿಸಿದ್ದಲ್ಲ. ಪಾಲಿಕೆ ಶಾಲೆಯ ಕನ್ನಡ ಮುಖ್ಯೋಪಾಧ್ಯಾಯರೊಬ್ಬರು ಅವನನ್ನು ಗೋಡೆಗೆ ಆನಿಸಿ ನಿಲ್ಲಿಸಿ ನಿರ್ಧರಿಸಿದ್ದು.

ಜಾತಿಯ ಕಾಲಮಿನ ಕಥೆ ಇಷ್ಟು ತಮಾಷೆಯದಲ್ಲ. ಬೇರೆ ರಾಜ್ಯದಿಂದ ಬಂದ ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಮಹಾರಾಷ್ಟ್ರದ ಸವಲತ್ತು ಬೇಕಾದರೆ 1950ರ ಆಗಸ್ಟ್ 10ಕ್ಕೆ ಮೊದಲೇ ಇಲ್ಲಿ ನೆಲೆಸಿದ್ದಕ್ಕೆ ಪುರಾವೆ ತೋರಿಸಬೇಕು. ಅಂದು ಧಾರಾವಿಯಲ್ಲಿ ಮಣ್ಣು ಹೊರುತ್ತಿದ್ದ ಅಜ್ಜನ ಬಳಿ ಯಾವ ಪುರಾವೆ ಇದ್ದೀತು? ಬಾಡಿಗೆ ಚೀಟಿ ಇಲ್ಲ, ಹೊಲದ ಉತಾರ ಊರಲ್ಲಿ, ಅದೂ ಬೇರೆಯವರ ಹೆಸರಲ್ಲಿ. ಎಲ್ಲೋ ಒಬ್ಬಿಬ್ಬರು ಅಜ್ಜಂದಿರು ಎರಡನೆಯ ಇಯತ್ತೆಯವರೆಗೆ ಶಾಲೆಗೆ ಹೋಗಿದ್ದರು. ಅಂಥ ಒಂದು ಮನೆಯ ಮೊಮ್ಮಗಳು ಹಳೆಯ ರಜಿಸ್ಟರಿನಲ್ಲಿ ಅಜ್ಜನ ಸಾಲು ಹುಡುಕಿಸಿ, ಅದರ ಪ್ರತಿಯನ್ನು ಕಚೇರಿಯೊಂದಕ್ಕೆ ಒಯ್ದಳು. ದಾಖಲೆ ಕನ್ನಡದಲ್ಲಿದೆ, ಇದನ್ನು ಯಾರು ಓದುತ್ತಾರೆ ಎಂದು ಗುಮಾಸ್ತರು ಹಿಂದಿರುಗಿಸಿದರು. ಪ್ರಮಾಣಿತ ಅನುವಾದ ಮಾಡಿಸಿ, ಮತ್ತೆ ಮೂರು ಬಾರಿ ಅಲೆದ ಮೇಲೆ ಸ್ವೀಕಾರವಾಯಿತು. ಆಕೆ ಈಗ ನರ್ಸಿಂಗ್ ಓದುತ್ತಿದ್ದಾಳೆ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟ ಅಜ್ಜ ಯಾವ ಶಾಲೆಯ ಹೆಮ್ಮೆಯ ಪಟ್ಟಿಗೂ ಸೇರುವುದಿಲ್ಲ. ಮೊಮ್ಮಗಳನ್ನು ಓದಿಸಿದವನು ಅವನೇ.

ಈ ಪುಸ್ತಕಗಳು ಇನ್ನೂ ಎಷ್ಟು ದಿನ ಇರುತ್ತವೆ ಎಂಬುದು ನಮ್ಮ ಚಿಂತೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮಿಠಿ ಹೊಳೆ ಧಾರಾವಿಯೊಳಕ್ಕೆ ನುಗ್ಗಿದಾಗ ಎಷ್ಟೋ ಮನೆಗಳ ತಗಡಿನ ಪೆಟ್ಟಿಗೆಗಳಲ್ಲಿದ್ದ ಪ್ರಮಾಣಪತ್ರಗಳು ಮುದ್ದೆಯಾದವು. ಆಗ ಎರಡನೆಯ ಪ್ರತಿಗಾಗಿ ಜನ ಶಾಲೆಗೆ ಹೋದರು. ಮೂಲ ರಜಿಸ್ಟರ್ ಇದ್ದುದರಿಂದ ಬದುಕಿಕೊಂಡರು. 2017ರ ಮೇ ತಿಂಗಳಲ್ಲಿ ಹಗಲು ಶಾಲೆಯಲ್ಲಿ ಕೆಲಸ ಮಾಡುವವರು ರಾತ್ರಿ ಶಾಲೆಯಲ್ಲಿ ಕಲಿಸುವಂತಿಲ್ಲವೆಂದು ರಾಜ್ಯ ಸರ್ಕಾರದ ಆದೇಶ ಬಂತು. ನಮ್ಮ ಮಾಸ್ತರರಂಥವರ ಒಂದು ಪರಂಪರೆಯೇ ಅಲ್ಲಿಗೆ ನಿಂತಿತು. 2020ರಲ್ಲಿ ಧಾರಾವಿಯ ಟ್ರಾನ್ಸಿಟ್ ಕ್ಯಾಂಪಿನ ಪಾಲಿಕೆ ಶಾಲೆಯೂ ಕ್ರೀಡಾ ಸಂಕುಲವೂ ಕೋವಿಡ್ ಕಾಲದ ಕ್ವಾರಂಟೈನ್ ಕೇಂದ್ರಗಳಾದವು. ಆ ವರ್ಷಗಳಿಗೆ ಮೊದಲೇ ಕನ್ನಡ ತರಗತಿಗಳಲ್ಲಿ ಬೆಂಚು ಹೆಚ್ಚು, ಮಕ್ಕಳು ಕಡಿಮೆ. ಇದಕ್ಕೆ ಸರ್ಕಾರವನ್ನಷ್ಟೇ ದೂರುವುದು ಸುಲಭ. ಸತ್ಯವೆಂದರೆ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ನಾವೆಲ್ಲ ನಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆವು, ತಿಳಿದೇ ಹಾಕಿದೆವು, ನಾಳೆ ಮತ್ತೆ ಕೇಳಿದರೂ ಹಾಗೆಯೇ ಮಾಡುತ್ತೇವೆ. ನರ್ಸಿಂಗಿಗೂ ಎಂಜಿನಿಯರಿಂಗಿಗೂ ಬಾಗಿಲು ಯಾವ ಭಾಷೆಯಲ್ಲಿ ತೆರೆಯುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರಿಲ್ಲ.

2024ರ ಮಾರ್ಚಿನಲ್ಲಿ ಧಾರಾವಿಯ ಪುನರಭಿವೃದ್ಧಿಗಾಗಿ ಮನೆಗಳ ಗೋಡೆಗೆ ಸಂಖ್ಯೆ ಬರೆಯುವ ಸಮೀಕ್ಷೆ ಆರಂಭವಾಯಿತು. 2000ದ ಜನವರಿ 1ಕ್ಕೆ ಮೊದಲಿನಿಂದ ಇದ್ದೆವೆಂದು ತೋರಿಸಿದ ನೆಲಮಹಡಿಯವರಿಗೆ ಧಾರಾವಿಯಲ್ಲೇ 350 ಚದರಡಿಯ ಮನೆ. ಉಳಿದವರಿಗೆ ಬೇರೆ ಬೇರೆ ನಿಯಮ, ಬೇರೆ ಬೇರೆ ದೂರ. ಎಲ್ಲ ಮನೆಗಳಲ್ಲೂ ಪ್ಲಾಸ್ಟಿಕ್ ಚೀಲಗಳು ಅಟ್ಟದಿಂದ ಇಳಿದಿವೆ. ಮತದಾರರ ಪಟ್ಟಿಯ ಪುಟ, ವಿದ್ಯುತ್ತಿನ ಬಿಲ್ಲು, ರೇಷನ್ ಕಾರ್ಡು, ಅವುಗಳ ನಡುವೆ ಮಡಿಕೆಯ ಗೆರೆಯಲ್ಲಿ ಹರಿದ ಶಾಲೆಯ ಹಾಳೆ. ಸಮೀಕ್ಷೆಯವರು ಅದನ್ನು ಎಷ್ಟರಮಟ್ಟಿಗೆ ಲೆಕ್ಕಕ್ಕೆ ಹಿಡಿಯುತ್ತಾರೋ, ಜನ ಮಾತ್ರ ಅದನ್ನು ಎಲ್ಲಕ್ಕಿಂತ ಮೇಲೆ ಇಡುತ್ತಾರೆ. ಕಟ್ಟಡಗಳು ಹೋಗುವ ಕಾಲಕ್ಕೆ ಶಾಲೆಗಳನ್ನು ಒಂದರೊಳಗೊಂದು ಸೇರಿಸುತ್ತಾರೆ, ಕಪಾಟುಗಳು ಟೆಂಪೋ ಹತ್ತುತ್ತವೆ. ಟೆಂಪೋದಲ್ಲಿ ಹೋದ ಕನ್ನಡದ ರಜಿಸ್ಟರ್ ಕನ್ನಡ ಓದಲು ಬಾರದವರ ಕೈಗೆ ಸೇರಿದರೆ ಅದು ರದ್ದಿಯೇ.

ಅದಕ್ಕಾಗಿ ನಾವು ನಾಲ್ವರು ಕೆಲವು ತಿಂಗಳಿಂದ ಬಿಡುವಿದ್ದ ಶನಿವಾರ ಮಧ್ಯಾಹ್ನ ಹಳೆಯ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯಿನಿಯವರ ಅನುಮತಿಯಿಂದ, ಅವರ ಕಣ್ಣೆದುರಿಗೇ ಕುಳಿತು ಕೆಲವು ಕಾಲಮುಗಳನ್ನು ನಕಲು ಮಾಡುತ್ತಿದ್ದೇವೆ. ಹೆಸರು, ಊರು, ಸೇರಿದ ದಿನ, ಬಿಟ್ಟ ದಿನ, ಕಾರಣ. ಜಾತಿಯನ್ನು ಬರೆದುಕೊಳ್ಳುವುದಿಲ್ಲ, ಬೇಕಾದವರು ತಾವೇ ಬಂದು ಕೇಳಲಿ. ಪಕ್ಕದಲ್ಲಿ ಇಂಗ್ಲಿಷಿನಲ್ಲಿಯೂ ಬರೆಯುತ್ತೇವೆ. ಫೋಟೋ ತೆಗೆದರೆ ಬೇಗ ಮುಗಿಯುತ್ತದೆಂದು ನಮ್ಮ ಮಕ್ಕಳು ಹೇಳುತ್ತಾರೆ, ಅದಕ್ಕೆ ಅನುಮತಿಯಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು, ಕೈಯಲ್ಲಿ ಬರೆಯುವಾಗ ಪ್ರತಿ ಸಾಲಿನ ಮುಂದೆಯೂ ನಿಲ್ಲಬೇಕಾಗುತ್ತದೆ. ಕೊನೆಯ ಕಾಲಮಿನಲ್ಲಿ ಹೆಚ್ಚಾಗಿ ಕಾಣುವುದು ‘ಊರಿಗೆ ಹೋದನು’. ಆಮೇಲೆ ‘ಸತತ ಗೈರುಹಾಜರಿ’. ಹುಡುಗಿಯರ ಸಾಲುಗಳಲ್ಲಿ ‘ಮದುವೆ’ ಎಂದು ಬರೆಯಬೇಕಾದಲ್ಲಿ ಯಾರೋ ದಾಕ್ಷಿಣ್ಯದ ಮಾಸ್ತರು ‘ಮನೆಗೆಲಸ’ ಎಂದು ಬರೆದಿದ್ದಾರೆ.

ಹೋದ ಶನಿವಾರ ಒಂದು ಸಾಲು ಸಿಕ್ಕಿತು. ಐದನೆಯ ಇಯತ್ತೆಯ ಹುಡುಗಿ, ಊರು ಅಫಜಲಪುರ ತಾಲೂಕು, ಜನ್ಮದಿನಾಂಕ ಎಂದಿನಂತೆ ಜೂನ್ 1. ಶಾಲೆ ಬಿಟ್ಟ ಕಾರಣ: ‘ಮನೆ ಕೆಡವಿದ್ದರಿಂದ’. ಎರಡು ಪುಟ ಮುಂದೆ ಅದೇ ಹೆಸರು, ಹೊಸ ಸಂಖ್ಯೆ, ಮತ್ತೆ ಐದನೆಯ ಇಯತ್ತೆಗೆ ಸೇರ್ಪಡೆ, ನಡುವೆ ಹದಿನಾಲ್ಕು ತಿಂಗಳು. ಆ ಪುಟದಲ್ಲಿ ಇನ್ನೂ ಹನ್ನೊಂದು ಹೆಸರು ಬಾಕಿ ಇದ್ದವು. ಅಷ್ಟರಲ್ಲಿ ಸಿಪಾಯಿ ಬೀಗದ ಕೈ ಹಿಡಿದು ಬಾಗಿಲಲ್ಲಿ ಬಂದು ನಿಂತ.